ನೆರಳಿನಲ್ಲಿ ಹೆಲೆಬೋರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಲೆ ಉದುರಿಸುವ ದೊಡ್ಡ ಮರದ ಕೆಳಗೆ ಹೆಲೆಬೋರ್ (ಚಳಿಗಾಲದಲ್ಲಿ ಹೂ ಬಿಡುವ ತೋಟದ ಗಿಡ) ನೆಟ್ಟು ಮೂರು ವರ್ಷವಾಯಿತು. ಎಲೆ ಸೊಂಪಾಗಿದೆ, ಹೂ ಮಾತ್ರ ಇಲ್ಲ. ನೆರಳು ಜಾಸ್ತಿಯಾಯಿತೇ?

ಉತ್ತರ: ನೆರಳನ್ನು ದೂರಬೇಡಿ. ಇಂಥ ಮರದಡಿ ಚಳಿಗಾಲದಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಈ ಗಿಡಕ್ಕೆ ಅಷ್ಟು ಸಾಕು. ಮೊದಲು ಬುಡ ನೋಡಿ. ಬೆರಳಿನಿಂದ ಮಣ್ಣು ಕೆದಕಿದರೆ ಎಲೆದಂಟುಗಳೆಲ್ಲ ಹೊರಡುವ ಗಂಟು ಸಿಗುತ್ತದೆ. ಅದು ನೆಲಮಟ್ಟದಲ್ಲಿರಬೇಕು, ಹೆಚ್ಚೆಂದರೆ 2 ಸೆಂ.ಮೀ. ಒಳಗೆ. ಆಳಕ್ಕೆ ಹೋಗಿದ್ದರೆ ಹೂ ಬರುವುದು ಕಷ್ಟ, ಬುಡ ಕೊಳೆಯುವುದೂ ಉಂಟು. ಗಿಡ ಕೀಳಬೇಡಿ, ಬೇರು ಕದಲಿದರೆ ಚೇತರಿಸಿಕೊಳ್ಳಲು ಒಂದೆರಡು ವರ್ಷ ಬೇಕು. ಸುತ್ತಲಿನ ಮಣ್ಣನ್ನು ಕೈಯಿಂದಲೇ ಸರಿಸಿ ಗಂಟನ್ನು ಬಿಡಿಸಿಕೊಡಿ.

ಬುಡ ಸರಿಯಾಗಿದ್ದರೆ ನೀರಿನ ಕಡೆ ಗಮನ ಕೊಡಿ. ಬೇಸಿಗೆಯಲ್ಲಿ ಮರದ ಬೇರು ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಮುಂದಿನ ಹೂವಿನ ಮೊಗ್ಗು ಬುಡದಲ್ಲಿ ಕಟ್ಟಿಕೊಳ್ಳುವುದು ಬೇಸಿಗೆಯ ಕೊನೆಯ ಹೊತ್ತಿಗೆ. ಮಳೆಯಿಲ್ಲದ ವಾರಗಳಲ್ಲಿ ದಿನವೂ ಚಿಮುಕಿಸುವ ಬದಲು ವಾರಕ್ಕೊಮ್ಮೆ ಗಿಡಕ್ಕೆ ಒಂದು ಬಕೆಟ್ ನೀರು ನಿಧಾನವಾಗಿ ಇಂಗಿಸಿ. ಕೊಳೆತ ತರಗೆಲೆಯನ್ನು 5 ಸೆಂ.ಮೀ. ದಪ್ಪ ಹೊದಿಸಿ, ಗಂಟಿನ ಮೇಲೆ ಮಾತ್ರ ಬೀಳದಿರಲಿ. ಸಾರಜನಕ ಹೆಚ್ಚಿರುವ ಗೊಬ್ಬರ ನಿಲ್ಲಿಸಿ, ಅದು ಎಲೆಯನ್ನೇ ಬೆಳೆಸುತ್ತದೆ. ಇನ್ನು, ಚಳಿಯೇ ಬೀಳದ ಬೆಚ್ಚನೆಯ ಜಾಗವಾದರೆ ಏನು ಮಾಡಿದರೂ ಇದರ ಹೂ ನೆಚ್ಚುವಂತಿಲ್ಲ.

ಪ್ರಶ್ನೆ: ಹಳೆಯ ಎಲೆಗಳಲ್ಲಿ ಕಪ್ಪು ಮಚ್ಚೆಗಳಿವೆ. ಎಲ್ಲ ಕತ್ತರಿಸಬಹುದೇ?

ಉತ್ತರ: ಯಾವ ಜಾತಿ ಎಂಬುದರ ಮೇಲೆ ಹೋಗುತ್ತದೆ. ಎಲೆಯೂ ಹೂದಂಟೂ ಬುಡದಿಂದಲೇ ಬೇರೆ ಬೇರೆಯಾಗಿ ಏಳುವ ಮಿಶ್ರತಳಿಗಳಲ್ಲಿ, ಚಳಿಗಾಲದ ಆರಂಭದಲ್ಲಿ, ಮೊಗ್ಗು ಮೇಲೇಳುವ ಮುಂಚೆ ಹಳೆಯ ಎಲೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿ. ಮಚ್ಚೆ ಶಿಲೀಂಧ್ರದ್ದು, ಎಲೆ ಅಲ್ಲೇ ಬಿಟ್ಟರೆ ರೋಗ ಹೊಸ ಚಿಗುರಿಗೂ ಹೂವಿಗೂ ದಾಟುತ್ತದೆ. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಹೆಲೆಬೋರಸ್ ಫೀಟಿಡಸ್ ಎಂಬ ಜಾತಿಯ ರೀತಿ ಬೇರೆ: ಅದರ ಹೂಗೊಂಚಲು ಬರುವುದು ಎಲೆ ಹೊತ್ತ ಕಾಂಡದ ತುದಿಯಲ್ಲೇ. ಆ ಕಾಂಡ ಕತ್ತರಿಸಿದರೆ ಆ ವರ್ಷದ ಹೂವೇ ಹೋಯಿತು. ಹೂ ಮುಗಿದ ಮೇಲೆ ತೆಗೆಯಿರಿ. ಯಾವುದೇ ಜಾತಿಯಾದರೂ ಕೈಗವಸು ಹಾಕಿಕೊಳ್ಳಿ. ರಸ ಚರ್ಮಕ್ಕೆ ಉರಿ ತರುತ್ತದೆ, ಗಿಡವೆಲ್ಲ ವಿಷ.

ಪ್ರಶ್ನೆ: ಹಿಮಗಟ್ಟಿದ ಬೆಳಿಗ್ಗೆ ಹೂದಂಟುಗಳೆಲ್ಲ ನೆಲಕ್ಕೆ ಒರಗಿದ್ದವು. ಗಿಡ ಹೋಯಿತೇ?

ಉತ್ತರ: ಇಲ್ಲ. ಕೊರೆಯುವ ಚಳಿಗೆ ದಂಟು ಬಾಡಿದಂತೆ ಬಾಗುತ್ತದೆ, ಹಿಮ ಕರಗಿದ ಕೆಲವೇ ಗಂಟೆಗಳಲ್ಲಿ ತಾನಾಗಿ ನೆಟ್ಟಗಾಗುತ್ತದೆ. ಗಟ್ಟಿಯಾಗಿರುವಾಗ ಎತ್ತಿ ಕೋಲಿಗೆ ಕಟ್ಟಲು ಹೋಗಬೇಡಿ, ಮುರಿಯುತ್ತದೆ. ಮಧ್ಯಾಹ್ನದವರೆಗೆ ಕಾಯಿರಿ.