ವಯಸ್ಕರ ಚಿತ್ರಗಳ ನಟಿಯರು ಕೆಲವರು ಮುಂದೆ ತಾವೇ ಬರೆದು ನಿರ್ದೇಶಿಸುವುದು ಯಾಕೆ?

ಮುಖ್ಯ ಕಾರಣ ಹಕ್ಕು. ನಟಿಗೆ ಸಾಮಾನ್ಯವಾಗಿ ಸಿಗುವುದು ಆ ದಿನದ ಸಂಭಾವನೆ ಅಷ್ಟೇ, ಆಮೇಲೆ ಚಿತ್ರ ಎಷ್ಟು ವರ್ಷ ಮಾರಾಟವಾದರೂ ದುಡ್ಡು ಹೋಗುವುದು ಹಕ್ಕು ಇಟ್ಟುಕೊಂಡವರಿಗೆ. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೂಲಿಯವರಿಗೂ ಮಾಲೀಕರಿಗೂ ಇರುವ ವ್ಯತ್ಯಾಸ ಇದೇ ಅಲ್ವಾ?

ಅಮೆರಿಕದ ಕ್ಯಾಂಡಿಡಾ ರೊಯಾಲ್ ಮೊದಲು ನಟಿ. 1984ರಲ್ಲಿ ಫೆಮ್ ಪ್ರೊಡಕ್ಷನ್ಸ್ ಎಂಬ ತಮ್ಮದೇ ಕಂಪನಿ ಶುರು ಮಾಡಿ ನಿರ್ದೇಶನಕ್ಕಿಳಿದರು. ಆಗ ಅಲ್ಲಿ ಮನೆಮನೆಗೆ ವಿಸಿಆರ್ (ಕ್ಯಾಸೆಟ್ ಹಾಕಿ ಟಿವಿಯಲ್ಲಿ ಚಿತ್ರ ನೋಡುವ ಯಂತ್ರ) ಬರುತ್ತಿತ್ತು. ಥಿಯೇಟರಿಗೆ ಹೋಗಲು ಮುಜುಗರಪಡುತ್ತಿದ್ದ ಹೆಂಗಸರು, ದಂಪತಿಗಳು ಮನೆಯಲ್ಲೇ ನೋಡುವಂತಾಯಿತು, ಆದರೆ ಅವರನ್ನು ಮನಸ್ಸಲ್ಲಿಟ್ಟು ಕಥೆ ಮಾಡುವವರು ತೀರಾ ಕಡಿಮೆ. ಆ ಜಾಗವನ್ನೇ ಅವರು ಹಿಡಿದರು.

ನಮ್ಮ ಭಾರತದಲ್ಲಿ ಅದು ನಡೆಯುವುದಿಲ್ಲ. ಇಂಥ ವಿಡಿಯೋ ಆನ್‌ಲೈನ್‌ಗೆ ಹಾಕಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಎ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, ಜೊತೆಗೆ 10 ಲಕ್ಷದವರೆಗೆ ದಂಡ.