ಮಲ್ಲೇಶ್ವರದ ತಾತನ ಮನೆಯನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿದರೆ ಅದು ಉಳಿಯುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ಬಸವನಗುಡಿಯಲ್ಲಿದ್ದ ನಮ್ಮ ಮನೆ ಕಣ್ಣ ಮುಂದೆ ಬಂದಿತು. ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿ ಕಟ್ಟಿದ ಮದ್ರಾಸ್ ತಾರಸಿ, ಸುಣ್ಣದ ಗಾರೆಯ ದಪ್ಪ ಗೋಡೆಗಳು, ಮಂಗಳೂರು ಹಂಚಿನ ವರಾಂಡ. ನಿಮ್ಮಲ್ಲಿರುವಂತೆಯೇ ಮೂವರು ವಾರಸುದಾರರು.

ಒಂದು ಮಳೆಗಾಲದಲ್ಲಿ ಹಿಂದಿನ ಕೋಣೆಯ ಎರಡು ತೊಲೆಗಳು ಬಾಗಿ ತಾರಸಿ ಸೋರತೊಡಗಿತು. ರಿಪೇರಿಗೆ ಅನುಮತಿ ಬೇಗ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಅರ್ಜಿಯಲ್ಲಿ ‘ಕಟ್ಟಡ ಶಿಥಿಲವಾಗಿದೆ’ ಎಂದು ನಾನೇ ಬರೆದು ಸಹಿ ಹಾಕಿದೆ. ‘ಹಿಂದಿನ ಕೋಣೆಯ ಎರಡು ತೊಲೆಗಳನ್ನು ಬದಲಿಸಬೇಕು’ ಎಂದು ಬರೆದಿದ್ದರೆ ಅದು ರಿಪೇರಿಯ ಅರ್ಜಿಯಾಗಿಯೇ ಉಳಿಯುತ್ತಿತ್ತು; ‘ಕಟ್ಟಡ’ ಎಂದು ಬರೆದದ್ದರಿಂದ ಇಡೀ ಮನೆ ಅಪಾಯಕಾರಿ ಎಂದಾಯಿತು. ಅದಕ್ಕೆ ಲಗತ್ತಿಸಲು ತಂದ ಪ್ರಮಾಣಪತ್ರವೂ ಅಂಥದ್ದೇ. ಕಾಂಕ್ರೀಟಿನ ಗಟ್ಟಿತನವನ್ನು ಅಳೆಯುವ ಸುತ್ತಿಗೆಯನ್ನು ಆ ಎಂಜಿನಿಯರ್ ಸುಣ್ಣದ ಗೋಡೆಗೆ ಒತ್ತಿ ‘ಬಲವಿಲ್ಲ’ ಎಂದರು. ಗಾರೆ ಸಿಮೆಂಟಿಗಿಂತ ಮೆದುವಾಗಿಯೇ ಇರುತ್ತದೆ, ತೇವವನ್ನು ಹೀರಿ ಹೊರಬಿಡುತ್ತದೆ. ನಮ್ಮ ಗೋಡೆಯಲ್ಲಿ ತೇವ ನಿಂತದ್ದು, ಹತ್ತು ವರ್ಷಗಳ ಹಿಂದೆ ಅದರ ಮೇಲೆ ನಾವೇ ಬಳಿಸಿದ್ದ ಸಿಮೆಂಟಿನಿಂದ. ಇದನ್ನು ನಾನು ತಿಳಿದುಕೊಂಡದ್ದು ಮನೆ ಹೋದ ಮೇಲೆ. ತಮ್ಮಂದಿರು ಮಾರಲು ಹೊರಟು ನಾನು ತಡೆದಾಗ, ಅವರು ಮುಂದಿಟ್ಟದ್ದು ನನ್ನದೇ ಸಹಿಯಿದ್ದ ಆ ಅರ್ಜಿಯನ್ನು. ಈಗ ಅಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ.

ಆದುದರಿಂದ, ಪಟ್ಟಿಗೆ ಸೇರಿದರೆ ಮನೆ ಉಳಿಯುತ್ತದೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಪರಂಪರೆಯ ಸಂರಕ್ಷಣೆಗೆ ದುಡಿಯುವ ಸರ್ಕಾರೇತರ ಸಂಸ್ಥೆಯಾದ ಇಂಟ್ಯಾಕ್‌ನ ಪಟ್ಟಿಗೆ ಕಾನೂನಿನ ಬಲವಿಲ್ಲ. ಸುತ್ತಲಿನ 100 ಮೀಟರಿನಲ್ಲಿ ಹೊಸ ಕಟ್ಟಡವನ್ನು ನಿಷೇಧಿಸುವ ಕೇಂದ್ರದ ಕಾನೂನು ಟಿಪ್ಪುವಿನ ಅರಮನೆಯಂಥ ಸಂರಕ್ಷಿತ ಸ್ಮಾರಕಗಳಿಗೆ ಅನ್ವಯಿಸುತ್ತದೆಯೇ ಹೊರತು ನಮ್ಮ ನಿಮ್ಮ ಮನೆಗಳಿಗಲ್ಲ. ಸರ್ಕಾರದ ಸ್ವತ್ತಾಗಿದ್ದು, ವಾರಸುದಾರರ ಜಗಳವೇ ಇಲ್ಲದಿದ್ದ ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ಕೂಡ ವರ್ಷಗಟ್ಟಲೆ ದುರಸ್ತಿಯಿಲ್ಲದೆ 2017ರಲ್ಲಿ ಭಾಗಶಃ ಕುಸಿದು, ಉಳಿದದ್ದನ್ನೂ ಕೆಡವಲಾಯಿತು. ನೋಡಿಕೊಳ್ಳದೆ ಬಿಡುವುದು, ಆಮೇಲೆ ಶಿಥಿಲವೆನ್ನುವುದು: ಈ ನಗರದಲ್ಲಿ ಹಳೆಯದನ್ನು ತೆಗೆಯುವ ದಾರಿ ಇದು. ಹೈಕೋರ್ಟ್ ಇರುವ ಅಠಾರಾ ಕಚೇರಿ ಇಂದಿಗೂ ನಿಂತಿದೆಯೆಂದರೆ, 1980ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ನಾಗರಿಕರು ನ್ಯಾಯಾಲಯದವರೆಗೂ ಹೋಗಿ ವಿರೋಧಿಸಿದ್ದರಿಂದ. ಖಾಸಗಿ ಮನೆಗೆ ಅಂಥ ಜನಬೆಂಬಲ ಸಿಗುವುದು ಕಷ್ಟ.

ನೀವು ಮೊದಲು ಅಣ್ಣನವರೊಂದಿಗೂ ಅಕ್ಕನವರೊಂದಿಗೂ ಕುಳಿತು, ಮೂವರ ಒಪ್ಪಿಗೆಯಿಲ್ಲದೆ ಯಾರೂ ಮಾರುವಂತಿಲ್ಲವೆಂಬ ಕರಾರನ್ನು ವಕೀಲರಿಂದ ಬರೆಸಿ ನೋಂದಾಯಿಸಿರಿ. ಪಟ್ಟಿಯ ಮಾತು ಆಮೇಲಿನದು. ಸುಣ್ಣದ ಕೆಲಸ ಬಲ್ಲ ಸಂರಕ್ಷಣಾ ವಾಸ್ತುಶಿಲ್ಪಿಯ ಹೊರತು ಬೇರೆ ಯಾರಿಂದಲೂ ವರದಿ ತರಿಸಬೇಡಿರಿ. ಪ್ರತಿ ಕೋಣೆಯ ಫೋಟೊವನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳಿರಿ, ಮತ್ತು ಮುಂದಿನ ಮಳೆಗೆ ಮೊದಲು ತಾರಸಿಯ ನೀರು ಇಳಿಯುವ ಕೊಳವೆಗಳನ್ನು ತೆರವು ಮಾಡಿಸಿರಿ.