ಮಗ್ಗುಲು ಬದಲಿಸಿದ ಹೊತ್ತನ್ನು ಬರೆದಿಡಿ

(ಕಾರವಾರದ ಖಾಸಗಿ ಆಸ್ಪತ್ರೆಯೊಂದರಲ್ಲಿ 4 ತಿಂಗಳಿಂದ ನರ್ಸಿಂಗ್ ಸಹಾಯಕಿಯಾಗಿರುವ, ಸಿದ್ದಾಪುರ ತಾಲೂಕಿನ 20 ವರ್ಷದ ಓದುಗರೊಬ್ಬರ ಪತ್ರದ ಸಾರ: ಪಿಯುಸಿ ಮುಗಿಸಿ, ಶಿರಸಿಯಲ್ಲಿ 6 ತಿಂಗಳ ತರಬೇತಿ ಪಡೆದು ಕೆಲಸಕ್ಕೆ ಸೇರಿದೆ. ಮಹಿಳಾ ವಾರ್ಡಿನ ಇಬ್ಬರು ಹಿರಿಯ ಸಹಾಯಕಿಯರಿಗೂ ಒಬ್ಬ ಸ್ಟಾಫ್ ನರ್ಸಿಗೂ ಮೊದಲ ವಾರದಿಂದಲೇ ನನ್ನನ್ನು ಕಂಡರೆ ಆಗುವುದಿಲ್ಲ. ‘ಸರ್ಟಿಫಿಕೇಟ್ ಸಿಸ್ಟರ್’ ಎಂದೇ ಕರೆಯುತ್ತಾರೆ. ನಾನು ಚಹಾ ಕುಡಿಯಲು ಹೋದರೆ ಮಾತು ಕೊಂಕಣಿಗೆ ತಿರುಗುತ್ತದೆ. ಬೆಡ್‌ಪ್ಯಾನ್ ಎಲ್ಲವೂ ನನ್ನ ಪಾಲಿಗೆ. ರಾತ್ರಿ 2 ಗಂಟೆಗೆ ಅಜ್ಜಿಯೊಬ್ಬರ ಮಗ್ಗುಲು ಬದಲಿಸಿದ್ದರೂ, ಬೆಳಗಿನ ಪಾಳಿಯವರು ‘ಇವಳು ಮುಟ್ಟಿಯೇ ಇಲ್ಲ’ ಎಂದು ಇನ್‌ಚಾರ್ಜ್ ಸಿಸ್ಟರಿಗೆ ದೂರಿದರು. ಹೋದ ತಿಂಗಳು ಕಸದ ಚೀಲ ಕಟ್ಟುವಾಗ ಸೂಜಿ ಚುಚ್ಚಿತು, ಬೈಯುತ್ತಾರೆಂದು ಯಾರಿಗೂ ಹೇಳಲಿಲ್ಲ. ‘ಒರಳಲ್ಲಿ ತಲೆ ಇಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಬಾರದು’ ಎನ್ನುತ್ತಾಳೆ ಆಯಿ. ನನ್ನ ತಪ್ಪೇನು? ಕೆಲಸ ಬಿಟ್ಟು ಊರಿಗೆ ಹೋಗಲೇ? ಅವರ ಭಾಷೆ ಕಲಿತರೆ ಅವರಿಗೆ ಸೋತಂತೆ ಆಗುವುದಿಲ್ಲವೇ?)

ನಮಸ್ಕಾರ. ನಿಮ್ಮ ಪತ್ರದ ಮುಖ್ಯ ಪ್ರಶ್ನೆಗೆ ಬರುವ ಮೊದಲು, ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟ ಸೂಜಿಯ ವಿಷಯವನ್ನು ಎತ್ತಿಕೊಳ್ಳಬೇಕಾಗಿದೆ, ಏಕೆಂದರೆ ಉಳಿದದ್ದೆಲ್ಲ ವಾರ ಎರಡು ವಾರ ಕಾಯಬಹುದು, ಇದು ಕಾಯುವುದಿಲ್ಲ. ನಾಳೆಯೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ, ದಿನಾಂಕ ಹಾಕಿ ಬರೆದುಕೊಡಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಆಸ್ಪತ್ರೆಯವರು ಮೀನಮೇಷ ಎಣಿಸಿದರೆ, ಎಚ್‌ಐವಿ ಪರೀಕ್ಷೆಯನ್ನು ಜಿಲ್ಲಾ ಆಸ್ಪತ್ರೆಯ ಐಸಿಟಿಸಿ ಎಂಬ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಉಚಿತವಾಗಿ, ಗುಟ್ಟು ಕಾಪಾಡಿ ಮಾಡುತ್ತಾರೆ. ಒಮ್ಮೆ ಮಾಡಿಸಿದರೆ ಸಾಲದು, ಮತ್ತೆ ಯಾವಾಗ ಬರಬೇಕೆಂದು ಅಲ್ಲಿಯೇ ಕೇಳಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ 3 ಡೋಸುಗಳನ್ನು ಹಾಕಿಸಿಕೊಂಡಿಲ್ಲವಾದರೆ ಈಗಲೇ ಆರಂಭಿಸಿ. ಆಸ್ಪತ್ರೆಯ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಈ ಲಸಿಕೆ ಕೊಡಿಸುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಆಸ್ಪತ್ರೆಯ ಹೊಣೆ. ದೇವರ ದಯೆಯಿಂದ ಇನ್ನೊಮ್ಮೆ ಹಾಗಾಗದಿರಲಿ. ಆದರೆ ಹಾಗೇನಾದರೂ ಆದರೆ, ಗಾಯವನ್ನು ಹಿಂಡದೆ, ಬಾಯಿಗೆ ಇಡದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು, ಆ ಗಳಿಗೆಯಲ್ಲಿಯೇ ಡ್ಯೂಟಿ ಡಾಕ್ಟರರ ಮುಂದೆ ನಿಲ್ಲಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 2 ಗಂಟೆಯೊಳಗೆ ಆರಂಭಿಸಿದರೆ ಉತ್ತಮ, 72 ಗಂಟೆ ಕಳೆದ ಮೇಲೆ ಅದನ್ನು ಕೊಡುವುದಿಲ್ಲ. ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಅದನ್ನು ಚೀಲಕ್ಕೆ ಎಸೆದವರ ತಪ್ಪನ್ನು ನೀವು ನಿಮ್ಮದೆಂದು ನಾಚಿಕೊಂಡು ಮುಚ್ಚಿಟ್ಟಿದ್ದೀರಿ.

ನಿಮ್ಮ ತಪ್ಪೇನು ಎಂದು ಕೇಳಿದ್ದೀರಿ. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡದ್ದು ಇಷ್ಟು: ಅವರ ಸಿಟ್ಟು ಹುಟ್ಟಿದ್ದು ನೀವು ಆ ವಾರ್ಡಿಗೆ ಕಾಲಿಡುವ ಮೊದಲೇ. ಹತ್ತು ಹದಿನೈದು ವರ್ಷ ಹೆಣ ಎತ್ತಿ, ಹೇಲು ಬಳಿದು, ಯಾವ ಕಾಗದವೂ ಇಲ್ಲದೆ ‘ಆಯಾ’ ಎಂದೇ ಕರೆಸಿಕೊಂಡ ಹೆಂಗಸಿನ ಮುಂದೆ, 6 ತಿಂಗಳ ತರಬೇತಿಯ ಪ್ರಮಾಣಪತ್ರ ಹಿಡಿದ ಹುಡುಗಿ ಬಂದು ‘ನರ್ಸಿಂಗ್ ಸಹಾಯಕಿ’ ಎನ್ನಿಸಿಕೊಂಡರೆ, ಅವಳಿಗೆ ಆ ಕಾಗದವೇ ಅಣಕಿಸಿದಂತೆ ಕಾಣುತ್ತದೆ. ‘ಸರ್ಟಿಫಿಕೇಟ್ ಸಿಸ್ಟರ್’ ಎಂಬ ಅಡ್ಡಹೆಸರಿನಲ್ಲಿ ನಿಮ್ಮ ಹೆಸರು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಇದರ ಮೇಲೆ ನಮ್ಮ ಜಿಲ್ಲೆಯ ಸ್ಥಿತಿ ಬೇರೆ ಇದೆ. ಹೃದಯ, ಮೆದುಳು, ದೊಡ್ಡ ಅಪಘಾತ ಎಂದರೆ ಆಂಬುಲೆನ್ಸುಗಳು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡುತ್ತವೆ. ವಾರ್ಡಿನಲ್ಲಿ ಉಳಿಯುವವರಲ್ಲಿ ಬಹಳ ಜನ ಸೊಂಟ ಮುರಿದ ಮುದುಕಿಯರು, ಪಾರ್ಶ್ವವಾಯು ಬಡಿದವರು, ಅಲ್ಲಿಂದ ಶಸ್ತ್ರಚಿಕಿತ್ಸೆ ಮುಗಿಸಿ ಮರಳಿ ಬಂದವರು. ಇವರಿಗೆಲ್ಲ ಬೇಕಾಗುವುದು ಎತ್ತುವ, ತೊಳೆಸುವ, ಉಣ್ಣಿಸುವ ಕೈಗಳು, ಮತ್ತು ಅಂಥ ಕೈಗಳು ಯಾವ ಪಾಳಿಯಲ್ಲಿಯೂ ಸಾಕಾಗುವುದಿಲ್ಲ. ಎತ್ತಿ ಎತ್ತಿ ಸೊಂಟ ನೋಯುವವರ ನಾಲಿಗೆ ಮೆತ್ತಗಿರುವುದು ಅಪರೂಪ. ಇದನ್ನು ಅವರ ಪರವಾಗಿ ವಕಾಲತ್ತು ಎಂದುಕೊಳ್ಳಬೇಡಿ; ನಿಮ್ಮೊಳಗೆ ತಪ್ಪು ಹುಡುಕುವ ಶ್ರಮವನ್ನು ಉಳಿಸಲೆಂದು ಹೇಳಿದೆ.

ಇಲ್ಲಿ ನನ್ನದೊಂದು ಅನುಭವ ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು 19 ದಿನ ಆಸ್ಪತ್ರೆಯಲ್ಲಿದ್ದರು. ಆ ವಾರ್ಡಿನಲ್ಲಿ ಐವತ್ತು ದಾಟಿದ ಸಹಾಯಕಿಯೊಬ್ಬಳಿದ್ದಳು. ಅವಳ ಬಾಯಿಗೆ ಹೆದರದವರಿಲ್ಲ. ಆದರೆ ಮಳೆಗಾಲದ ಆ ರಾತ್ರಿಗಳಲ್ಲಿ ಅಮ್ಮನನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಕಿವಿಯ ಹತ್ತಿರ ಬಗ್ಗಿ ‘ಅಮ್ಮಾ, ಈಗ ಗೋಡೆಯ ಕಡೆಗೆ’ ಎಂದು ಹೇಳಿ, ಉಸಿರು ಬಿಡುವಷ್ಟು ಹೊತ್ತು ಕಾದು, ಆಮೇಲೆ ಡ್ರಾಶೀಟಿನ (ರೋಗಿಯ ಅಡಿಗೆ ಅಡ್ಡ ಹಾಸುವ ಹಾಳೆಯ) ಅಂಚು ಹಿಡಿಯುತ್ತಿದ್ದವಳು ಅವಳೊಬ್ಬಳೇ. ಅವಳೇ ಒಂದು ದಿನ, ಹೊಸ ಹುಡುಗಿಯೊಬ್ಬಳು ಹಾಳೆಯ ಬದಲು ಅಮ್ಮನ ತೋಳು ಹಿಡಿದು ಎಳೆಯಲು ಹೋದಾಗ, ‘ಹೊಲದಲ್ಲಿ ಸೌದೆ ಎಳೆದು ಬಂದವಳಾ ನೀನು?’ ಎಂದು ನಮ್ಮೆಲ್ಲರ ಎದುರು ಕೂಗಿದಳು. ಹುಡುಗಿಯ ಕಣ್ಣು ತುಂಬಿತು. ನಾನು ಅಲ್ಲಿಯೇ ಸ್ಟೂಲಿನ ಮೇಲೆ ಪೇಪರ್ ಹಿಡಿದು ಕುಳಿತಿದ್ದೆ, ತುಟಿ ಬಿಚ್ಚಲಿಲ್ಲ. ಹಿರಿಯಳು ಹೇಳಿದ್ದು ನಿಜ, ಹೇಳಿದ ರೀತಿ ಅನ್ಯಾಯ, ಸುಮ್ಮನೆ ಕುಳಿತ ನನ್ನಂಥವರಿಂದಲೇ ಆ ರೀತಿ ನಡೆದುಕೊಂಡು ಹೋಗುತ್ತದೆ.

ಆದ್ದರಿಂದ ಬೈಗುಳವೊಂದನ್ನು ಕೇಳಿದಾಗ, ಅದರಲ್ಲಿ ರೋಗಿಗೆ ಸಂಬಂಧಿಸಿದ್ದು ಏನಾದರೂ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಅಷ್ಟನ್ನು ಮಾತ್ರ ಆಯ್ದುಕೊಂಡು, ‘ಸರಿ, ಹೇಗೆ ಹಿಡಿಯಬೇಕು, ಒಮ್ಮೆ ತೋರಿಸಿ’ ಎಂದು ಅವರನ್ನೇ ಕೇಳಿ. ಕಲಿಸುವ ಅವಕಾಶ ಸಿಕ್ಕಿದಾಗ ಬೈಯುವವರ ದನಿ ಅರ್ಧ ಇಳಿಯುತ್ತದೆ, ಇಳಿಯದಿದ್ದರೂ ಕೆಲಸವಂತೂ ನಿಮ್ಮ ಕೈಗೆ ಬರುತ್ತದೆ. ರೋಗಿಗೆ ಸಂಬಂಧವೇ ಇಲ್ಲದ ಚುಚ್ಚುಮಾತು, ಚಹಾದ ಮೇಜಿನ ತಣ್ಣಗಿನ ಮುಖ, ಇವುಗಳಿಗೆ ಉತ್ತರ ಹುಡುಕುತ್ತ ರಾತ್ರಿ ನಿದ್ದೆಗೆಡುವುದು ದಂಡ. ಅವರು ನಿಮ್ಮ ಸ್ನೇಹಿತರಾಗಬೇಕಿಲ್ಲ. ಇಡೀ ಆಸ್ಪತ್ರೆಯಲ್ಲಿ ಒಬ್ಬರು, ಪಕ್ಕದ ವಾರ್ಡಿನ ಸಹಾಯಕಿಯೋ, ಎಕ್ಸ್-ರೇ ಕೋಣೆಯವರೋ, ನಿಮ್ಮೊಡನೆ ಊಟದ ಡಬ್ಬಿ ಬಿಚ್ಚುವವರಿದ್ದರೆ ಮೊದಲ ವರ್ಷಕ್ಕೆ ಸಾಕು.

ನಿಮ್ಮ ಆಯಿಯ ಗಾದೆಯನ್ನು ನಾನು ಒಪ್ಪದಿರುವುದು ಇದರಾಚೆಗಿನ ಸಂಗತಿಯಲ್ಲಿ. ಆ ಒರಳಿನಲ್ಲಿ ಇರುವುದು ನಿಮ್ಮ ತಲೆಯೊಂದೇ ಆಗಿದ್ದರೆ ಸಹಿಸುವುದು ಬಿಡುವುದು ನಿಮ್ಮ ಇಷ್ಟ. ನೀವು ಬರೆದ ಮಗ್ಗುಲಿನ ಜಗಳದಲ್ಲಿ ಒನಕೆ ಬೀಳುವುದು ಮಾತಾಡಲಾಗದ ಆ ಅಜ್ಜಿಯ ಮೇಲೆ. ತಾನಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಹೊರಳಿಸಬೇಕೆಂದು ನಿಮಗೆ ಕಲಿಸಿದ್ದಾರೆ. ರಾತ್ರಿಯವಳು ಮಾಡಿದಳೋ ಇಲ್ಲವೋ ಎಂಬ ವಾದದಲ್ಲಿ ಬೆಳಗಿನ ಒಂದು ಸರದಿ ತಪ್ಪಿದರೂ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ, ಒತ್ತಿದರೂ ಬಿಳುಪೇರದ ಕೆಂಪು ಕಾಣಿಸಿಕೊಳ್ಳಬಹುದು, ಅಲ್ಲಿಂದ ಬೆಡ್‌ಸೋರ್ (ಮಲಗಿದಲ್ಲೇ ಒತ್ತಡದಿಂದ ಆಗುವ ಹುಣ್ಣು) ಆಗಲು ಹೆಚ್ಚು ದಿನ ಬೇಡ. ಹಾಗಾಗಿ ಇಲ್ಲಿ ನಿಮ್ಮ ಮಾನದ ಪ್ರಶ್ನೆಯನ್ನು ಬದಿಗಿಟ್ಟು ಕಾಗದವನ್ನು ಹಿಡಿಯಿರಿ. ಹೊರಳಿಸಿದ ಕೂಡಲೇ, ಕೈ ತೊಳೆದು, ಚಾರ್ಟಿನಲ್ಲಿ ಗಂಟೆ, ಎಡವೋ ಬಲವೋ, ಚರ್ಮ ಹೇಗಿತ್ತು, ನಿಮ್ಮ ಸಹಿ, ಇಷ್ಟನ್ನು ಬರೆಯಿರಿ. ಪಾಳಿ ಮುಗಿಯುವಾಗ ಎಲ್ಲವನ್ನೂ ಒಟ್ಟಿಗೆ ತುಂಬುವ ಅಭ್ಯಾಸ ನಿಮ್ಮ ವಾರ್ಡಿನಲ್ಲಿ ಇದ್ದರೆ ಅದನ್ನು ಮಾತ್ರ ಕಲಿಯಬೇಡಿ. ಮುಂದಿನ ಪಾಳಿಯವರಿಗೆ ಕೊಡುವ ಹ್ಯಾಂಡೋವರನ್ನು ನರ್ಸುಗಳ ಮೇಜಿನ ಹತ್ತಿರ ಕೊಡದೆ, ಮಂಚದ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೊಡಿ: ‘6 ಗಂಟೆಗೆ ಎಡಮಗ್ಗುಲು ಮಾಡಿದ್ದೇನೆ, ಹಿಮ್ಮಡಿ ನೋಡಿ, ಯೂರಿನ್ ಬ್ಯಾಗ್ ಖಾಲಿ ಮಾಡಿ ಅಳತೆ ಬರೆದಿದ್ದೇನೆ.’ ಬಂದವರು ಮುಖ ತಿರುಗಿಸಿದರೂ ನೀವು ದನಿ ತಗ್ಗಿಸದೆ ಹೇಳಿ. ಪಕ್ಕದ ಮಂಚದ ರೋಗಿಯ ಮನೆಯವರ ಕಿವಿಗೂ ಅದು ಬೀಳುತ್ತದೆ. ಒಂದು ತಿಂಗಳು ಹೀಗೆ ನಡೆದರೆ ‘ಮುಟ್ಟಿಯೇ ಇಲ್ಲ’ ಎನ್ನುವುದು ಕಷ್ಟವಾಗುತ್ತದೆ.

ಇನ್ನು ಒಬ್ಬರೇ ಮಾಡಬಾರದ ಕೆಲಸಗಳಿವೆ. ಭಾರದ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಇಳಿಸಲು ಕರೆದಾಗ ಯಾರೂ ಬಾರದಿದ್ದರೆ, ರೋಷದಿಂದ ಒಬ್ಬರೇ ಎತ್ತಲು ಹೋಗಬೇಡಿ. ಹೆಸರು ಹಿಡಿದು, ಕೆಲಸ ಹೇಳಿ, ಹೊತ್ತು ಹೇಳಿ ಕೇಳಿ: ‘ಅಕ್ಕಾ, 7ನೇ ಮಂಚದವರನ್ನು ಇಳಿಸಬೇಕು, 5 ನಿಮಿಷದಲ್ಲಿ ಬರುತ್ತೀರಾ?’ ಬಾರದಿದ್ದರೆ ಸ್ಟಾಫ್ ನರ್ಸಿಗೆ ಹೇಳಿ ಕಾಯಿರಿ. ಅದೇ ಸ್ಟಾಫ್ ನರ್ಸು ‘ಈ ಇಂಜೆಕ್ಷನ್ ನೀನೇ ಹಾಕು’ ಎಂದು ಟ್ರೇ ನಿಮ್ಮ ಕೈಗೆ ಕೊಡುವ ದಿನವೂ ಬರಬಹುದು. ಮೇಲ್ನೋಟಕ್ಕೆ ಅದು ವಿಶ್ವಾಸದಂತೆ ಕಾಣುತ್ತದೆ, ಹೆಚ್ಚುಕಡಿಮೆಯಾದರೆ ಹೊಣೆ ಯಾರ ಹೆಗಲಿಗೆ ಬೀಳುತ್ತದೆಂದು ನಿಮಗೆ ಗೊತ್ತೇ ಇದೆ. ನೋಂದಾಯಿತ ನರ್ಸಿನ ಕೆಲಸ ಸಹಾಯಕಿಯದಲ್ಲ. ‘ಅದು ನನ್ನ ಕೆಲಸದಲ್ಲಿ ಬರುವುದಿಲ್ಲ ಸಿಸ್ಟರ್, ನೀವು ಹಾಕಿ, ನಾನು ರೋಗಿಯ ಕೈ ಹಿಡಿದುಕೊಳ್ಳುತ್ತೇನೆ’ ಎಂದು ಹೇಳಿದರೆ ಅವಿಧೇಯತೆ ಆಗುವುದಿಲ್ಲ.

ಇಷ್ಟಾದ ಮೇಲೂ ಸುಳ್ಳು ದೂರು ನಿಲ್ಲದಿದ್ದರೆ, ರಾತ್ರಿ ಪಾಳಿ ನಿಮಗೊಬ್ಬರಿಗೇ ಮೇಲಿಂದ ಮೇಲೆ ಬಿದ್ದರೆ, ಇನ್‌ಚಾರ್ಜ್ ಸಿಸ್ಟರಿಗೆ, ಅವರಿಂದಾಗದಿದ್ದರೆ ನರ್ಸಿಂಗ್ ಮೇಲ್ವಿಚಾರಕರಿಗೆ ಬರೆದುಕೊಡಿ. ‘ಹಿಂಸೆ ಕೊಡುತ್ತಾರೆ’ ಎಂದು ಬರೆದರೆ ಕರೆದು ಬುದ್ಧಿ ಹೇಳಿ ಕಳಿಸುತ್ತಾರೆ. ಯಾವ ದಿನ, ಯಾವ ಪಾಳಿ, ಯಾವ ಮಂಚ, ಏನು ಆಯಿತು ಎಂದು ಅರ್ಧ ಪುಟದಲ್ಲಿ ಬರೆದರೆ ಉತ್ತರ ಕೊಡಬೇಕಾಗುತ್ತದೆ. ಒಂದು ಪ್ರತಿ ನಿಮ್ಮಲ್ಲಿರಲಿ. ರೋಗಿಯ ಫೋಟೋವನ್ನಾಗಲಿ ಚಾರ್ಟಿನ ಫೋಟೋವನ್ನಾಗಲಿ ಸಾಕ್ಷಿಗೆಂದು ಮೊಬೈಲಿನಲ್ಲಿ ತೆಗೆಯಬೇಡಿ, ಆಗ ನ್ಯಾಯ ಅವರ ಕಡೆ ಹೋಗುತ್ತದೆ. ಮಾತಿನಲ್ಲೋ ಸ್ಪರ್ಶದಲ್ಲೋ ಲೈಂಗಿಕ ಕಿರುಕುಳದ ಲವಲೇಶವಿದ್ದರೆ ದಾರಿ ಬೇರೆ: 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನಿಮ್ಮ ಕಾರವಾರದಲ್ಲಿಯೇ ಇದೆ.

ಕೆಲಸ ಬಿಡುವ ಬಗ್ಗೆ: ಬಿಡಬಾರದು ಎಂದು ನಾನು ಹೇಳುವುದಿಲ್ಲ. ಲಿಖಿತ ದೂರಿನ ನಂತರವೂ ಎರಡು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಬಿಡಿ, ಆದರೆ ಬೇರೆ ಕಡೆ ಕೆಲಸ ನೋಡಿಕೊಂಡು, ನೋಟಿಸ್ ಕೊಟ್ಟು, ಅನುಭವ ಪತ್ರ ಕೈಗೆ ಬಂದ ಮೇಲೆ ಬಿಡಿ. ಪಿಯುಸಿ ಆಗಿರುವುದರಿಂದ 3 ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕೋರ್ಸಿನ ಬಾಗಿಲು ನಿಮಗೆ ತೆರೆದಿರಬಹುದು, ಅಂಕಗಳನ್ನು ನೋಡಿಕೊಳ್ಳಿ. ಈ ವಾರ್ಡಿನಲ್ಲಿ ಕಲಿತದ್ದು ಅಲ್ಲಿ ವ್ಯರ್ಥವಾಗುವುದಿಲ್ಲ.

ಪತ್ರದ ಕೊನೆಯಲ್ಲಿ, ಡ್ಯೂಟಿ ಮುಗಿಸಿ ಟ್ಯಾಗೋರ್ ಕಡಲತೀರಕ್ಕೆ ಹೋದರೆ ‘ನೀರು ನೋಡುತ್ತ ನಿಂತು ಹೊತ್ತು ಹೋದದ್ದೇ ತಿಳಿಯುವುದಿಲ್ಲ’ ಎಂದು ಬರೆದಿದ್ದೀರಿ. ಅದು ದಣಿದವರ ಮಾತು ಮಾತ್ರವಾಗಿರಬಹುದು. ಹಾಗಲ್ಲದಿದ್ದರೆ, ಬದುಕುವುದೇ ಬೇಡ ಎನ್ನುವ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಇಂದೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಮನೆಗೂ ಹೇಳಿ. ಆಯಿ ಗಾದೆ ಹೇಳಿದ್ದು ನೀವು ಅವರಿಗೆ ಅರ್ಧವನ್ನೇ ಹೇಳಿದ್ದರಿಂದ ಇರಬಹುದು.

ಕೊಂಕಣಿಯನ್ನು ಕಲಿಯಿರಿ. ಹಗಲೆಲ್ಲ ಕನ್ನಡ ಆಡಿದ ಮಾಜಾಳಿ, ಸದಾಶಿವಗಡ ಕಡೆಯ ಅಜ್ಜಿಯರು ನಡುರಾತ್ರಿ ಜ್ವರದಲ್ಲಿ ಕೇಳುವುದು ‘ಉದಾಕ’ ಎಂದೇ, ನೋವಾದರೆ ಹೇಳುವುದು ‘ದುಖ್ತಾ’ ಎಂದೇ. ಎಲ್ಲಿ ನೋವು, ಬಾಯಾರಿಕೆಯೇ, ಚಳಿಯೇ ಎಂದು ಕೇಳಲು ಇಪ್ಪತ್ತು ಮಾತು ಸಾಕು. ‘ಹೆದರಬೇಡಿ, ಈಗ ಮಗ್ಗುಲು ಬದಲಿಸುತ್ತೇನೆ’ ಎನ್ನುವುದಕ್ಕೆ ಏನೆನ್ನಬೇಕೆಂದು ಆ ಹಿರಿಯ ಸಹಾಯಕಿಯರಲ್ಲಿ ಒಬ್ಬರನ್ನು ಕೇಳಿ. ನಾನೇ ಬರೆದು ಕಳಿಸುತ್ತಿದ್ದೆ, ಆದರೆ ನನಗೆ ಬರುವುದು ಕುಮಟೆಯ ಮೀನುಪೇಟೆಯಲ್ಲಿ ಚೌಕಾಸಿಗೆ ಸಾಲುವಷ್ಟು ಕೊಂಕಣಿ ಮಾತ್ರ.

— ಸಂಪಾದಕ